ಬೇರು ತೊಳೆಯುವ ಕೈ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದ ಜಾಗದಲ್ಲಿ, ಹೇಳಬೇಕಾದ ಹೊತ್ತಿಗೆ ಹೇಳದ ಹೆಸರನ್ನು ಈಗ ಬರೆದು ದೊಡ್ಡ ಮನುಷ್ಯನಾಗುವ ಆಸೆ ನನಗಿಲ್ಲ. ಕಾಕಾ ಎಂದು ಕರೆಯುತ್ತಿದ್ದೆ, ಕಾಕಾ ಎಂದೇ ಬರೆಯುತ್ತೇನೆ. ಹೋದ ಭತ್ತದ ಹಂಗಾಮಿನಲ್ಲಿ ತೀರಿಕೊಂಡರು. ಅವರ ಊರು ವಳಕಮದಿನ್ನಿ, ಅಲ್ಲೇ ಮಣ್ಣಾಯಿತು. ಆವತ್ತು ನಾನು ಲಿಂಗಸುಗೂರಿನಲ್ಲಿ ನಮ್ಮ ಬೀಜದ ಕಂಪನಿಯ ಸಭೆಯಲ್ಲಿ ನಿಂತು, ರೈತರ ಮನಸ್ಸು ಗೆಲ್ಲುವುದು ಹೇಗೆ ಅಂತ ಭಾಷಣ ಮಾಡುತ್ತಿದ್ದೆ. ಸುದ್ದಿ ಭಾಷಣಕ್ಕೆ ಮುಂಚೆಯೇ ಬಂದಿತ್ತು. ಭಾಷಣ ಮುಗಿಸಿ, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡೇ ಎದ್ದೆ. ಇದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ.

ನಮ್ಮದು ಮಸ್ಕಿ. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ದರ್ಜಿ. ಹೊಲ, ಗದ್ದೆ ಅಂಗೈಯಷ್ಟೂ ಇಲ್ಲ. ಆದರೂ ನಾನು ಕೃಷಿ ಡಿಪ್ಲೊಮಾ ಓದಿದೆ, ಸೀಟು ಸಿಕ್ಕಿತು ಅನ್ನುವ ಒಂದೇ ಕಾರಣಕ್ಕೆ. ಓದು ಮುಗಿದ ಮೇಲೆ ಸಿಂಧನೂರಿನ ಒಂದು ಗೊಬ್ಬರದ ಅಂಗಡಿಗೆ ಸೇರಿದೆ. ಕೆಲಸ ಸಿಕ್ಕಿದ್ದು ನನಗಲ್ಲ, ನನ್ನ ಸರ್ಟಿಫಿಕೇಟಿಗೆ. ಗೊಬ್ಬರ, ಔಷಧಿ ಮಾರುವ ಅಂಗಡಿಯಲ್ಲಿ ಕೃಷಿ ಓದಿದವನೊಬ್ಬ ಇರಲೇಬೇಕು ಅನ್ನುವ ಕಾನೂನು ಇತ್ತಲ್ಲ, ಅಂಗಡಿಯ ಸಾವುಕಾರ್ರು ನನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗು ಹಾಕಿದರು. ಆ ಸರ್ಟಿಫಿಕೇಟಿನ ಕೆಳಗೆ, ಒಂದು ಕಬ್ಬಿಣದ ಸ್ಟೂಲಿನ ಮೇಲೆ ಕುಂತವರು ಕಾಕಾ. ಓದಿದ್ದು ನಾಲ್ಕನೇ ಇಯತ್ತೆ. ನಾನು ಹುಟ್ಟುವುದಕ್ಕೆ ಮುಂಚಿನಿಂದ ಆ ಅಂಗಡಿಯಲ್ಲಿದ್ದವರು.

ಮೊದಲ ದಿನವೇ ಗೋಡೆ ನೋಡಿ, ನನ್ನ ನೋಡಿ, “ಬರ್ರಿ ಸಾಹೇಬ, ಕುಂದರ್ರಿ. ನಿಮ್ಮ ನೆರಳಿನ್ಯಾಗ ನಾವೂ ಅದೀವಿ,” ಅಂದು ತಮ್ಮ ಸ್ಟೂಲು ಬಿಟ್ಟುಕೊಟ್ಟರು. ಕುಂತೆ. ಅವರು ಗೊಬ್ಬರದ ಚೀಲದ ಮೇಲೆ ಕುಂತರು. ಆಮೇಲೆ ಆ ಸ್ಟೂಲು ನಂದೇ ಆಯಿತು, ಅದು ಅವರದಾಗಿತ್ತು ಅನ್ನುವುದು ಇಬ್ಬರಿಗೂ ನೆನಪಿಗೆ ಬರಲಿಲ್ಲ.

ಕಾಕಾನ ಅಸಲು ಜಾಗ ಅಂಗಡಿಯ ಹೊರಗಿತ್ತು. ಮೆಟ್ಟಿಲ ಪಕ್ಕದಲ್ಲಿ ಒಂದು ನೀಲಿ ಬಕೀಟು, ಯಾವಾಗಲೂ ಕೆಸರು ನೀರು. ರೈತರು ಬೆಳಿಗ್ಗೆ ಬೆಳಿಗ್ಗೆ ಹಳದಿ ಬಿದ್ದ ಭತ್ತದ ಎಲೆ ಹಿಡಿದುಕೊಂಡು ಬರುವರು. “ಎಲಿ ಹಿಂಗಾಗೈತ್ರಿ, ಯೂರಿಯಾ ಹಾಕ್ಲೋ, ಎಣ್ಣಿ ಹೊಡೀಲೋ?” ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆಲ್ಲ ಎಣ್ಣಿ ಅಂತಲೇ ಹೆಸರು. ಕಾಕಾ ಆ ಎಲೆ ಮುಟ್ಟುತ್ತಿರಲಿಲ್ಲ.

“ಎಲಿ ಯಾಕ ತಂದೀಪಾ? ಜ್ವರ ಬಂದವನ ಅಂಗಿ ಒಯ್ದು ದವಾಖಾನ್ಯಾಗ ತೋರಸ್ತಾರೇನು? ಬುಡ ಸಮೇತ ಕಿತ್ಕೊಂಡು ಬಾ, ಹೋಗು.”

ಬೈಕ್ ತಿರುಗಿಸಿಕೊಂಡು ಹತ್ತು ಹನ್ನೆರಡು ಕಿಲೋಮೀಟರ್ ಹೋಗಿ ಕಿತ್ತುಕೊಂಡೇ ಬರುವರು. ಕಾಕಾ ಲುಂಗಿ ಮಡಚಿ ಬಕೀಟಿನ ಮುಂದೆ ಕುಕ್ಕರಗಾಲಲ್ಲಿ ಕುಂತು ಆ ಬುಡವನ್ನು ನೀರಿನಲ್ಲಿ ಅದ್ದುತ್ತಿದ್ದರು. ತಿಕ್ಕುತ್ತಿರಲಿಲ್ಲ. ಕೂಸಿಗೆ ತಲೆ ಎರೆದಂತೆ ಮೆಲ್ಲಗೆ ಅಲ್ಲಾಡಿಸಿ, ಮಣ್ಣು ತಾನೇ ಬಿಡುವ ತನಕ ಕಾಯುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು, ಹುಡುಗರಿದ್ದಾಗ ಕುಡುಗೋಲು ತಾಕಿದ್ದಂತೆ. ಆ ಸೀಳಿನಲ್ಲೇ ಒಂದೊಂದು ಬೇರು ಬಿಡಿಸುತ್ತಿದ್ದರು. ಆಮೇಲೆ ಮೂಗಿನ ಹತ್ತಿರ ಹಿಡಿದು ಮೂಸಿ, ರೈತನ ಮೂಗಿಗೂ ಹಿಡಿಯುತ್ತಿದ್ದರು. ಬೇರು ಕಪ್ಪಗಾಗಿ, ಕೊಳೆತ ತತ್ತಿಯ ವಾಸನೆ ಹೊಡೆದರೆ ಅವರ ಮಾತು ಒಂದೇ.

“ಯೂರಿಯಾ ಬ್ಯಾಡ, ಎಣ್ಣಿ ಬ್ಯಾಡ. ನೀರು ಹೆಚ್ಚಾಗಿ ಬೇರು ಉಸುರುಗಟ್ಟ್ಯಾವ. ಗದ್ದಿ ನೀರು ಹೊರಗ ಬಿಟ್ಟು ನಾಕೈದು ದಿನ ಆರಗೊಡು. ಸಣ್ಣಗ ಬಿರುಕು ಬಿಡಲಿ.”

ಕಾಲುವೆ ನೀರಿನ ಮೇಲೆ ಬದುಕುವವನಿಗೆ ಗದ್ದೆಯ ನೀರು ಹೊರಗೆ ಬಿಡು ಅನ್ನುವುದೆಂದರೆ ಸುಮ್ಮನೆ ಮಾತಲ್ಲ. “ಬಿಟ್ಟ ಮ್ಯಾಲ ಕಾಲುವಿ ಬಂದ್ ಆದ್ರ ಏನ್ ಮಾಡ್ಲಿ ಕಾಕಾ?” ಅಂತ ಕೇಳಿಯೇ ಕೇಳುವರು.

“ಬಂದ್ ಆದ್ರ ನಮ್ಮ ಮನಿ ಮುಂದ ನಿಂತು ಬಾಯಿಗೆ ಬಂದಂಗ ಬೈ. ಮನಿ ಗೊತ್ತೈತೆಲ್ಲ?”

ಹಾಗೆ ಬೈಯಲು ಯಾರೂ ಹೋಗಲಿಲ್ಲ. ಆದರೆ ಆ ರೈತ ಏನೂ ಕೊಳ್ಳದೆ ಹೋದನಲ್ಲ, ಸಾವುಕಾರ್ರಿಗೆ ಪಿತ್ತ ನೆತ್ತಿಗೇರುತ್ತಿತ್ತು. “ನಾ ಅಂಗಡಿ ಇಟ್ಟೀನೋ, ಧರ್ಮದ ದವಾಖಾನಿ ಇಟ್ಟೀನೋ?” ಅಂತ ಒಳಗಿಂದ ಕೂಗುವರು. ಕಾಕಾ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿ, “ಸಾಹೇಬ, ಸಾವುಕಾರ್ರ ಬೇರೂ ಒಮ್ಮೆ ತೊಳದು ನೋಡಬೇಕು,” ಅನ್ನುವರು. ನಾನು ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದೆ.

ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಲಿ ರೈತರಿಗಂತೂ ಇವರು ದಾದಾ, ಅಂದರೆ ಅಣ್ಣ. ಅವರ ಕನ್ನಡ ಇವರಿಗೆ, ಇವರ ಬಂಗಾಲಿ ಅವರಿಗೆ ಅರ್ಧರ್ಧ. ಬೇರು ನಡುವೆ ಇದ್ದರೆ ಭಾಷೆ ಸಾಕಾಗುತ್ತಿತ್ತು. ಅವರಲ್ಲೊಬ್ಬ ವಯಸ್ಸಾದ ರೈತ ಪ್ರತಿ ಸುಗ್ಗಿಗೆ ಒಂದು ಸಣ್ಣ ಚೀಲ ಮಂಡಕ್ಕಿ ತಂದುಕೊಡುತ್ತಿದ್ದ. ಅದನ್ನು ಹಸಿಮೆಣಸಿನಕಾಯಿ ಜೊತೆ ತಿನ್ನುತ್ತ ಕಾಕಾ ನನಗೆ ಬೇರು ಓದುವುದನ್ನು ಕಲಿಸಿದರು. ನಾನು ಕಲಿತೆನೋ? ಮಾತು ಕಲಿತೆ. ಕೈ ಕಲಿಯಲಿಲ್ಲ.

ಆಗ ನನಗೆ ಹೆಣ್ಣು ನೋಡುತ್ತಿದ್ದರು. ಲಿಂಗಸುಗೂರಿನ ಒಂದು ಮನೆಯವರು ಎಲ್ಲ ಕೇಳಿ, ಚಹಾ ಕೊಟ್ಟು, “ಗೊಬ್ಬರದ ಅಂಗಡ್ಯಾಗ ಇರ್ತಾನ, ಹೌದಲ್ರೀ?” ಅಂದು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಆ ಮಾತು ನನ್ನ ತಲೆಯಲ್ಲಿ ಕುಂತುಬಿಟ್ಟಿತು. ಕಂಪನಿ ಕೆಲಸ ಹಿಡಿಯಲೇಬೇಕು ಅಂತ ಆವತ್ತೇ ಗಟ್ಟಿ ಮಾಡಿಕೊಂಡೆ.

ಅದೇ ಲಿಂಗಸುಗೂರಿನಲ್ಲಿ ಒಂದು ಭಾನುವಾರ, ಕಲ್ಯಾಣ ಮಂಟಪದಲ್ಲಿ ನಿರುದ್ಯೋಗಿಗಳಿಗೆ ಶಿಬಿರ ನಡೆಯಿತು. ಕೋಟು ಹಾಕಿಕೊಂಡ ಒಬ್ಬ ಬಂದಿದ್ದ. ಆ ಸೆಖೆಯಲ್ಲೂ ಕೋಟು ಬಿಚ್ಚಲಿಲ್ಲ ಪುಣ್ಯಾತ್ಮ. ಕೆಲಸ ಹುಡುಕಬೇಡಿ, ಕೆಲಸವೇ ನಿಮ್ಮನ್ನು ಹುಡುಕಿಕೊಂಡು ಬರುವಂತೆ ಮಾಡಿ, ನೀವೇ ಒಂದು ಬ್ರ್ಯಾಂಡ್ ಆಗಿ, ಮೊಬೈಲಿನಲ್ಲಿ ನಿಮ್ಮ ಮುಖ ದಿನಾ ಕಾಣಲಿ, ಒಂದು ವಿಷಯ ಹಿಡಿಯಿರಿ, ಆ ವಿಷಯ ಅಂದರೆ ನಿಮ್ಮ ಹೆಸರೇ ನೆನಪಾಗಬೇಕು, ಬೇರೆಯವರದಲ್ಲ. ಇಷ್ಟೇ ಅವನು ಹೇಳಿದ್ದು. ನಾನು ನೋಟ್‌ಬುಕ್ಕಿನಲ್ಲಿ ಎರಡು ಸಲ ಅಡಿಗೆರೆ ಎಳೆದುಕೊಂಡು ಬಂದೆ.

ಮರುದಿನ ಕಾಕಾಗೆ ವಿವರಿಸಿದೆ. ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡರು.

“ಬ್ರ್ಯಾಂಡ್ ಅಂದ್ರ ಈ ಚೀಲದ ಮ್ಯಾಲ ಎತ್ತಿನ ಚಿತ್ರ, ತೆನಿ ಚಿತ್ರ ಹಾಕಿರ್ತಾರಲ್ಲ, ಹಂಗೇನು?”

“ಹಂಗs ಅನ್ರಿ ಕಾಕಾ. ಇನ್ನ ಮ್ಯಾಲ ನನ್ನ ಚಿತ್ರ.”

“ಹಂಗಾದ್ರ ನಿನಗೂ ಒಂದು ಎಕ್ಸ್‌ಪೈರಿ ಡೇಟ್ ಬರದಿರ್ತಾರೇನು?” ಅಂದು ನಕ್ಕರು. ಎದುರಿನ ಚಹಾ ಹೋಟೆಲಿನವನಿಗೂ ಕೇಳಿಸುವಷ್ಟು ನಕ್ಕರು. ಆಮೇಲೆ ತಾವೇ, “ಮಾಡು ಮಾಡು, ವಯಸ್ಸೈತಿ. ನನ್ನಿಂದ ಏನರ ಆಗೋದಿದ್ರ ಹೇಳು,” ಅಂದರು.

ಆಗುವುದಿತ್ತು. ಎಲ್ಲವೂ ಅವರಿಂದಲೇ ಆಗುವುದಿತ್ತು. ಬಕೀಟಿನ ಮುಂದೆ ಅವರನ್ನು ಕೂರಿಸಿ ಮೊಬೈಲ್ ಹಿಡಿದೆ. “ಮುಖ ಬ್ಯಾಡ್ಪಾ, ಮುಂದಿನ ಹಲ್ಲು ಬಿದ್ದಾವ,” ಅಂದರು. ನನಗೂ ಅದೇ ಬೇಕಾಗಿತ್ತು. ಮೊದಲು ನನ್ನ ಮುಖ, ಆಮೇಲೆ ಅವರ ಕೈ, ಕೈಯ ಮೇಲೆ ನನ್ನ ದನಿ. ಜ್ವರ, ಅಂಗಿ, ದವಾಖಾನೆ, ಎಲ್ಲ ಅವರ ಮಾತೇ. ನಾನು ಸ್ವಲ್ಪ ಪುಸ್ತಕದ ಕನ್ನಡ ಮಾಡಿಕೊಂಡೆ ಅಷ್ಟೆ.

“ಕೆಳಗ ನಿಮ್ಮ ಹೆಸರು ಹಾಕ್ತೀನ್ರಿ ಕಾಕಾ,” ಅಂದೆ.

ಅವರು ಕೈ ಒರೆಸಿಕೊಳ್ಳುತ್ತಿದ್ದವರು ನಿಂತು, “ಹಾಕ್ತೀಯೇನು? ಹಾಕು ಹಂಗಾರ. ನಮ್ಮಾಕಿಗೆ ಓದಾಕ ಬರಂಗಿಲ್ಲ, ಮೊಮ್ಮಗಳ ಕಡಿಂದ ಓದಿಸ್ಕೊಂಡು ಕೇಳ್ತಾಳ,” ಅಂದರು. ಮುಖದಲ್ಲಿ ಒಂದು ನಾಚಿಕೆ. ಆ ವಯಸ್ಸಿನ ಮನುಷ್ಯ ಹಾಗೆ ನಾಚಿಕೊಂಡದ್ದನ್ನು ನಾನು ಮೊದಲ ಸಲ ನೋಡಿದ್ದು.

ಹಾಕಲಿಲ್ಲ. ಮೊದಲನೆಯದಕ್ಕೆ ಮರೆತೆ, ಖರೇನೇ ಮರೆತೆ. ಎರಡನೆಯದಕ್ಕೆ ಕೋಟಿನವನ ಮಾತು ನೆನಪಾಯಿತು. ಮೂರನೆಯ ಹೊತ್ತಿಗೆ ಹಾಕುವ ಮಾತೇ ಇರಲಿಲ್ಲ. ನಮ್ಮ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಒಬ್ಬ ಅರಸನ ಹೆಸರು ಕೆತ್ತಿದ್ದಾರೆ, ಬೇರೆ ಕಡೆ ಬರೀ ಬಿರುದು, ನಮ್ಮಲ್ಲಿ ಹೆಸರೇ ಇದೆ ಅಂತ ಮಾಸ್ತರರು ಹೇಳಿ ಹೇಳಿ ನಮ್ಮ ಎದೆ ಉಬ್ಬಿಸಿದ್ದರು. ಅಂಥ ಊರಿನವನು ನಾನು. ನಾಲ್ಕಕ್ಷರದ ಒಂದು ಹೆಸರು ಹಾಕಲು ಬೆರಳು ಏಳಲಿಲ್ಲ.

ವಿಡಿಯೋ ಎಲ್ಲಿಂದ ಎಲ್ಲಿಗೋ ಹೋಯಿತು. ಬಸ್ಸಿನಲ್ಲಿ ಜನ ಗುರುತು ಹಿಡಿದು, “ಬೇರಿನ ಡಾಕ್ಟರ್ ಅಲ್ರೀ ನೀವು?” ಅಂತ ಜಾಗ ಬಿಟ್ಟುಕೊಡುತ್ತಿದ್ದರು. ಕ್ಯಾಂಪಿನ ಮಂಡಕ್ಕಿ ರೈತನ ಮಗ ವಿಡಿಯೋದ ಕೆಳಗೆ ಬರೆದಿದ್ದ, “ಇದು ನಮ್ಮ ದಾದಾ ಕೈ. ಉಗುರು ನೋಡಿದ್ರೆ ಗೊತ್ತಾಗುತ್ತೆ. ಹೆಸರು ಹಾಕಿ ಸರ್.” ಅದನ್ನು ಅಳಿಸಿದೆ. ಮತ್ತೆ ಬರೆದ. ಮತ್ತೆ ಅಳಿಸಿ, ಅವನು ಬರೆಯಲು ಬಾರದಂತೆ ಮಾಡಿದೆ.

ಬೀಜದ ಕಂಪನಿಯೊಂದರಿಂದ ಕರೆ ಬಂತು. ಕೋಟಿನವನು ಹೇಳಿದ ಹಾಗೇ, ಕೆಲಸವೇ ಹುಡುಕಿಕೊಂಡು ಬಂದಿತ್ತು. ಲಿಂಗಸುಗೂರಿನ ಅವರ ಕಚೇರಿಯಲ್ಲಿ ಸಂದರ್ಶನ. ಅಧಿಕಾರಿ ಸಣ್ಣ ವಯಸ್ಸಿನವನೇನಲ್ಲ, ಗದ್ದೆ ತುಳಿದವನ ಹಾಗೆ ಕಂಡ. ನನ್ನ ವಿಡಿಯೋ ಹಚ್ಚಿ, ನಡುವೆ ನಿಲ್ಲಿಸಿ, ಪರದೆಗೆ ಬೆರಳು ಹಚ್ಚಿ ಕೇಳಿದ, “ಈ ಕೈ ನಿಮ್ಮದಲ್ಲ. ಯಾರದು?”

“ನಮ್ಮ ಹೊಲದ ಆಳಿಂದು ಸರ್,” ಅಂದೆ.

ಹೇಗೆ ಬಂತೋ ಆ ಮಾತು! ತಡವರಿಸಲಿಲ್ಲ, ಬೆವರಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಬಂತು.

ಅವನು ಇನ್ನೊಂದು ಸಲ ವಿಡಿಯೋ ನೋಡಿ, “ಹೌದಾ? ಬೇರು ಹಿಡಿಯೋದು ನೋಡಿದ್ರೆ ಬಹಳ ತಿಳಿದವರು ಅನ್ನಿಸ್ತು. ರೈತರ ಜೊತೆ ಗದ್ದೆಗೆ ಹೋಗೋಕೆ ಇಂಥ ಹಿರಿಯರೊಬ್ಬರು ನಮಗೆ ಬೇಕಾಗಿದ್ರು. ಓದು ಏನೂ ಬೇಕಾಗಿಲ್ಲ,” ಅಂದ.

ಆಗಲೂ ನಾಲಿಗೆ ತಿರುಗಿಸಬಹುದಿತ್ತು. ಸರ್, ತಪ್ಪು ಹೇಳಿದೆ, ಅವರು ಹಿಂಗಿಂಗೆ, ಸಿಂಧನೂರಿನಲ್ಲೇ ಇದ್ದಾರೆ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಕಾಕಾ ಬಂದು ನನ್ನ ಪಕ್ಕ ನಿಂತರೆ ನನಗೇನೂ ಬರುವುದಿಲ್ಲ ಅನ್ನುವುದು ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವ ಹೆದರಿಕೆ. “ಅವರು ಅಷ್ಟೇನೂ ತಿಳಿದವರಲ್ಲ ಸರ್, ನಾ ಹೇಳಿದಂಗ ಮಾಡ್ತಾರ,” ಅಂದೆ. ಈ ಎರಡನೇ ಮಾತು ಇವತ್ತಿನ ತನಕ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಹೌದು, ಮದುವೆಯೂ ಆಯಿತು, ಲಿಂಗಸುಗೂರಿನ ಅದೇ ಮನೆಯ ಹೆಣ್ಣು.

ನಾನು ಅಂಗಡಿ ಬಿಟ್ಟ ದಿನ ಕಾಕಾ ಪೇಢೆ ಹಂಚಿದರು. ನಾನಲ್ಲ, ಅವರು. ನನ್ನ ಸರ್ಟಿಫಿಕೇಟು ಗೋಡೆಯಿಂದ ಇಳಿಯಿತು. ಸಾವುಕಾರ್ರು ಇನ್ನೊಬ್ಬ ಓದಿದವನನ್ನು ಹಿಡಿದು ತಂದರು. ಅವನ ಪಗಾರ ನನ್ನದಕ್ಕಿಂತ ಜಾಸ್ತಿಯಂತೆ, ಹಾಗಾಗಿ ಇಬ್ಬರು ಬೇಡ ಅಂತ ಒಂದೆರಡು ತಿಂಗಳಲ್ಲಿ ಕಾಕಾನನ್ನು ಮನೆಗೆ ಕಳಿಸಿದರು. ನೀಲಿ ಬಕೀಟನ್ನು ಕಾಕಾ ತಮ್ಮ ಜೊತೆಗೇ ಒಯ್ದರಂತೆ.

ಅಷ್ಟರಲ್ಲಿ ಕಂಪನಿಯವರು ನನ್ನ ಪರಿಚಯದ ಒಂದು ವಿಡಿಯೋ ಮಾಡಿ ಹಾಕಿದರು. ಅದರಲ್ಲೂ ಅದೇ ಪ್ರಶ್ನೆ ಕೇಳಿದರು, ಅದೇ ಉತ್ತರ ಕೊಟ್ಟೆ. ಒಮ್ಮೆ ಆಡಿದ ಸುಳ್ಳು ಎರಡನೇ ಸಲಕ್ಕೆ ಬಾಯಿಪಾಠ ಆಗಿರುತ್ತದೆ.

ಕೆಲವು ದಿನದ ಮೇಲೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಸಿಕ್ಕರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾವುದೋ ಹಳ್ಳಿಯ ರೈತ ಕರೆದಿದ್ದ, ಹೋಗಿ ಬುಡ ಕಿತ್ತುಕೊಂಡು ಬಂದಿದ್ದರು. ನಾನು ಕಂಬದ ಮರೆಗೆ ಸರಿಯಲು ನೋಡಿದೆ. ಕಂಪನಿಯ ಅಂಗಿ ದೂರದಿಂದಲೇ ಕಾಣುತ್ತದಲ್ಲ.

“ಏ ಸಾಹೇಬ, ಬಾ, ಚಾ ಕುಡಿಯೂಣು.”

ಚಹಾ ಬಂತು. ಬಸಿಗೆ ಹಾಕಿಕೊಂಡು ಊದಿ ಊದಿ ಕುಡಿದರು. ಆಮೇಲೆ ಮೆಲ್ಲಗೆ, “ನಿನ್ನ ಹೊಸ ವಿಡಿಯೋ ನೋಡಿದೆಪಾ. ಮೊಮ್ಮಗಳು ತೋರಿಸಿದ್ಲು. ಅಂಗಿ ಚಲೋ ಒಪ್ಪತೈತಿ,” ಅಂದರು.

ನಾನು ಚಹಾದ ದುಡ್ಡಿಗೆ ಜೇಬಿಗೆ ಕೈ ಹಾಕಿದೆ.

“ನಮ್ಮ ಹೊಲದ ಆಳು ಅಂದಿ. ಇರಲಿ, ಆಳs ಅದೀನಿ, ಅದ್ರಾಗ ಸುಳ್ಳೇನೈತಿ,” ಅಂದು ಬಸಿ ಕೆಳಗಿಟ್ಟರು. “ಆದ್ರ ನಿಮ್ಮ ಹೊಲ ಎಲ್ಲೈತೆಪಾ? ಒಂದಿನಾನೂ ತೋರಿಸಲಿಲ್ಲಲ್ಲ.”

ನಗುತ್ತಲೇ ಕೇಳಿದರು. ಕಣ್ಣೂ ಮಿಟುಕಿಸಿದರು, ಸಾವುಕಾರ್ರ ಬಗ್ಗೆ ಮಾತಾಡುವಾಗ ಮಿಟುಕಿಸುತ್ತಿದ್ದರಲ್ಲ, ಹಾಗೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ನಾನೂ ಹಲ್ಲು ಕಿರಿದೆ. ಸಿಂಧನೂರಿನ ಬಸ್ಸು ಬಂತು. ಚೀಲ ಎತ್ತಿಕೊಂಡು, “ಬರ್ತೀನಪಾ, ಬೇರು ಒಣಗತಾವ,” ಅಂದು ಹತ್ತಿದರು. ನನ್ನ ಪ್ಯಾಂಟಿನ ಮೇಲೆ ಆ ಚೀಲದ ಕೆಸರು ನೀರು ಬಿದ್ದಿತ್ತು. ಒರೆಸಿಕೊಂಡೆ.

ಆವತ್ತು ಮನೆಗೆ ಹೋಗಿ ಅವರ ಕೈ ಇದ್ದ ವಿಡಿಯೋ ಎಲ್ಲ ಅಳಿಸಿ ಹಾಕಿದೆ. ಮರ್ಯಾದೆಗೆ ಅಂಜಿ ಮಾಡಿದೆ ಅಂತ ಆಗ ಅಂದುಕೊಂಡಿದ್ದೆ. ಯಾರ ಮರ್ಯಾದೆಗೆ? ಇನ್ನೂ ಯಾರಾದರೂ ಉಗುರು ಗುರುತು ಹಿಡಿದಾರು ಅನ್ನುವ ಭಯ, ಅಷ್ಟೇ. ಫೋನೂ ಬದಲಾಯಿತು. ಮೂಲದ್ದು ಎಲ್ಲೂ ಉಳಿಯಲಿಲ್ಲ.

ಕಾಕಾ ತೀರಿಕೊಂಡ ಮೇಲೆ ಸತ್ತ ಮನೆಗೆ ಮಾತಾಡಿಸಿಕೊಂಡು ಬರಲು ಹೋಗಬೇಕಲ್ಲ. ಹನ್ನೆರಡು ದಿನ ನೆವ ಹೇಳಿಕೊಂಡು, ಹದಿಮೂರನೇ ದಿನ ವಳಕಮದಿನ್ನಿಗೆ ಹೋದೆ. ಅಂಗಳದಲ್ಲಿ ಆ ನೀಲಿ ಬಕೀಟು ಬೋರಲಾಗಿತ್ತು. ಕಾಕಾನ ಹೆಂಡತಿಯನ್ನು ನಾನು ಚಿಗವ್ವ ಅನ್ನುತ್ತಿದ್ದೆ. ಆಕೆ ನನ್ನನ್ನು ನೋಡಿದ್ದೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಕುಂತಿದ್ದ ನಾಲ್ಕು ಜನಕ್ಕೆ ನನ್ನನ್ನು ತೋರಿಸಿ, “ಇವನs ನೋಡ್ರಿ ಆ ಹುಡುಗ. ನಮ್ಮವರ ಕೈ ಊರಿಗೆಲ್ಲ ತೋರಿಸಿದವ,” ಅಂದಳು.

ಒಬ್ಬ ಹಿರಿಯರು, “ಹೆಸರೊಂದು ಹಾಕಿದ್ರ ಚಲೋ ಇತ್ತು,” ಅಂದರು.

ಚಿಗವ್ವ ಅವರ ಮಾತಿಗೆ ಅಡ್ಡ ಬಂದಳು. “ಇಂವ ಹಾಕ್ತೀನಿ ಅಂತ ಭಾಳ ಗಂಟು ಬಿದ್ದಿದ್ನಂತ್ರಿ. ಅವರs ಬ್ಯಾಡ ಅಂದಾರ. ಹೆಸರು ಯಾಕ ಬೇಕು, ರೈತರಿಗೆ ಬೇರು ಕಂಡ್ರ ಸಾಕು ಅಂತ ಅಂದಾರ. ನಾ ಕೇಳಿದಾಗೆಲ್ಲ ಹಂಗs ಹೇಳ್ತಿದ್ರು. ಹುಡುಗನ ತಪ್ಪಿಲ್ಲ.”

ಹಾಕು ಹಂಗಾರ ಅಂದಿದ್ದರು. ಇದೇ ಹೆಂಗಸು ಓದಿಸಿಕೊಂಡು ಕೇಳಲಿ ಅಂತ ನಾಚಿಕೊಂಡು ಹಾಕು ಅಂದಿದ್ದರು. ಆಳು ಅನ್ನಿಸಿಕೊಂಡ ಮೇಲೂ ಮನೆಯಲ್ಲಿ ಕುಂತು ನನ್ನ ಪರವಾಗಿ ಸುಳ್ಳು ಹೇಳಿದ್ದರು. ನಾನು ತಲೆ ತಗ್ಗಿಸಿದೆ. ಕುಂತವರು ಅದನ್ನು ದುಃಖ ಅಂದುಕೊಂಡರು.

“ಒಂದು ಉಪಕಾರ ಮಾಡಪಾ,” ಅಂದಳು ಚಿಗವ್ವ. “ಅವರದು ಒಂದೂ ಫೋಟೋ ಇಲ್ಲ. ಆಧಾರ್ ಕಾರ್ಡಿನ್ಯಾಗಿಂದು ಐತಿ, ಅದ್ರಾಗ ಅವರು ಅವರಂಗ ಕಾಣಂಗಿಲ್ಲ. ನಿನ್ನ ವಿಡಿಯೋದಾಗ ಕೈ ಐತೆಲ್ಲ, ಬೇರು ತೊಳಿಯೋದು. ದಿನಾ ನೋಡ್ತಿದ್ದೆ. ಈಗ ಹುಡುಗಿ ಫೋನಿನ್ಯಾಗ ಬರವಲ್ದು. ಹಚ್ಚಿಕೊಡು.”

ಫೋನ್ ತೆಗೆದೆ. ಇಲ್ಲದ್ದನ್ನು ಹುಡುಕಿದೆ. ಬೆರಳಿನಿಂದ ಮೇಲೆ ಸರಿಸಿದೆ, ಕೆಳಗೆ ಸರಿಸಿದೆ. ಆಕೆ ನನ್ನ ಪಕ್ಕಕ್ಕೇ ಬಂದು ಕುಂತು, ಕನ್ನಡಕ ಇಲ್ಲದ ಕಣ್ಣು ಕಿರಿದು ಮಾಡಿ ಪರದೆಯನ್ನೇ ನೋಡುತ್ತಿದ್ದಳು. ಅಲ್ಲಿ ಎಲ್ಲ ನನ್ನ ಮುಖವೇ ಇತ್ತು.

“ನೆಟ್ ಬರವಲ್ದು ಚಿಗವ್ವ. ಊರಿಗೆ ಹೋಗಿ ಕಳಸ್ತೀನಿ,” ಅಂದೆ.

“ಆಗಲಿ, ಅವಸರಿಲ್ಲ,” ಅಂದು ಮೊಮ್ಮಗಳ ನಂಬರ್ ಬರೆಸಿಕೊಟ್ಟಳು.

ಆಕೆಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇಷ್ಟೆಲ್ಲ ಬರೆದಿದ್ದೇನೆ. ಹೇಳಬೇಕಾದದ್ದನ್ನು ಆಕೆಯ ಮುಂದೆ ಕುಂತು ಹೇಳುವ ಗಂಡಸುತನ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಮೊಮ್ಮಗಳ ನಂಬರಿನಿಂದ ಫೋನ್ ಬರುತ್ತದೆ. ಮೊನ್ನೆಯೂ ಬಂತು.

“ಸಿಕ್ತೇನಪಾ?”

“ಹುಡುಕಾಕತ್ತೀನಿ, ಚಿಗವ್ವ,” ಅಂದೆ.